ವಿರಾಮವೂ ಒಂದು ಪಥ್ಯ

ವಿರಾಮವನ್ನು ಸೋಮಾರಿತನವೆಂದು ಬಗೆಯುವುದು ನಮ್ಮಲ್ಲಿ ರೂಢಿ. ಆದುದರಿಂದ ವಿರಾಮ ಮತ್ತು ಮನರಂಜನೆಯ ವಿಷಯದಲ್ಲಿ ಎಂ.ಎ., ಪಿಎಚ್.ಡಿ. ಪದವಿಗಳನ್ನು ನೀಡುವ ವಿಶ್ವವಿದ್ಯಾಲಯಗಳಿವೆ ಎಂದರೆ ಅನೇಕರು ನಗುತ್ತಾರೆ. ಕಾಲ ಕಳೆಯುವುದನ್ನೂ ಕಲಿಯಬೇಕೆ ಎಂದು ಕೇಳುತ್ತಾರೆ. ಆದರೆ ನಿವೃತ್ತಿಯ ನಂತರ ನಿದ್ರಾನಾಶ, ಅಜೀರ್ಣ, ನಿರುತ್ಸಾಹಗಳಿಂದ ಬಳಲುವವರನ್ನು ನಿತ್ಯ ಕಾಣುವ ವೈದ್ಯನಿಗೆ ಈ ನಗು ಬರುವುದಿಲ್ಲ. ಅಂಥವರಲ್ಲಿ ಹಲವರ ಪರೀಕ್ಷೆಗಳಲ್ಲಿ ದೊಡ್ಡ ದೋಷವೇನೂ ಕಾಣದು. ಬರಿದಾದ ಹಗಲನ್ನು ಹೇಗೆ ತುಂಬಬೇಕೆಂಬುದೇ ಅವರಿಗೆ ತಿಳಿಯದು.

ಈ ಅಧ್ಯಯನಕ್ಕೆ ಹೆಸರಾದ ಸ್ಥಳಗಳಲ್ಲಿ ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾಲಯವೂ ಒಂದು. ಅಲ್ಲಿ ಮನರಂಜನೆ ಮತ್ತು ವಿರಾಮ ಅಧ್ಯಯನ ವಿಭಾಗವು 1968ರಲ್ಲಿ ಆರಂಭವಾಯಿತು. ಈ ವಿಭಾಗವಿರುವುದು ಆರೋಗ್ಯ ನಿಕಾಯದಲ್ಲಿ ಎಂಬುದು ಗಮನಾರ್ಹ. ಅದೇ ನಿಕಾಯದಲ್ಲಿ ನೆಲೆಗೊಂಡ ಕೆನಡಾದ ಯೋಗಕ್ಷೇಮ ಸೂಚ್ಯಂಕವು ಜನಜೀವನವನ್ನು ಎಂಟು ಕ್ಷೇತ್ರಗಳಲ್ಲಿ ಅಳೆಯುತ್ತದೆ. ಅವುಗಳಲ್ಲಿ ಸಮಯದ ಬಳಕೆ ಒಂದು, ವಿರಾಮ ಮತ್ತು ಸಂಸ್ಕೃತಿ ಇನ್ನೊಂದು.

ಇಂತಹ ವಿಭಾಗಗಳಲ್ಲಿ ವಿದ್ಯಾರ್ಥಿ ಎದುರಿಸುವ ಮೊದಲ ಪ್ರಶ್ನೆ, ವಿರಾಮವೆಂದರೇನು ಎಂಬುದು. ದುಡಿಮೆ ಮುಗಿದು ಉಳಿದ ಸಮಯವೆ? ಆಟ, ಪ್ರವಾಸ, ಸಂಗೀತ ಮೊದಲಾದ ಚಟುವಟಿಕೆಯೆ? ಅಥವಾ ಮನಸ್ಸಿನ ಒಂದು ಸ್ಥಿತಿಯೆ? ಜಾನ್ ನ್ಯೂಲಿಂಗರ್ ಅವರು 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂರನೆಯದಕ್ಕೆ ಒತ್ತು ಕೊಟ್ಟರು. ಇದನ್ನು ನಾನೇ ಆರಿಸಿಕೊಂಡೆನೆಂಬ ಸ್ವಾತಂತ್ರ್ಯದ ಅನುಭವವೇ ವಿರಾಮದ ಜೀವಾಳವೆಂದು ಪ್ರತಿಪಾದಿಸಿದರು. ರಾಬರ್ಟ್ ಸ್ಟೆಬಿನ್ಸ್ ಅವರು 1982ರಲ್ಲಿ ‘ಗಂಭೀರ ವಿರಾಮ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಹವ್ಯಾಸಿ ಕಲಾವಿದನೊಬ್ಬ ಹಣದ ಆಸೆಯಿಲ್ಲದೆ ವರ್ಷಗಟ್ಟಲೆ ಸಾಧನೆ ಮಾಡುವುದು ಈ ಬಗೆಯದು. ದೂರದರ್ಶನದ ಮುಂದೆ ಸುಮ್ಮನೆ ಕುಳಿತಿರುವುದು ಸಾಧಾರಣ ವಿರಾಮ. ಎರಡಕ್ಕೂ ಜೀವನದಲ್ಲಿ ಸ್ಥಾನವುಂಟು, ಫಲ ಮಾತ್ರ ಬೇರೆ.

ಈ ಶಾಸ್ತ್ರದ ಒಂದು ಶಾಖೆ ವೈದ್ಯಕೀಯಕ್ಕೆ ತೀರ ಹತ್ತಿರದ್ದು. ಅದು ಚಿಕಿತ್ಸಕ ಮನರಂಜನೆ. ಅಲ್ಲಿ ನಾಲ್ಕು ಹಂತಗಳಿವೆ: ವ್ಯಕ್ತಿಯನ್ನು ಪರೀಕ್ಷಿಸುವುದು, ಯೋಜನೆ ರೂಪಿಸುವುದು, ಅದನ್ನು ನಡೆಸುವುದು, ಫಲವನ್ನು ಅಳೆಯುವುದು. ಪಕ್ಷಾಘಾತದಿಂದ ಒಂದು ಕೈ ಸೋತ ಹಿರಿಯರೊಬ್ಬರಿಗೆ ಹೂದೋಟ ಪ್ರಿಯವೆಂದುಕೊಳ್ಳಿ. ಸೊಂಟದ ಎತ್ತರಕ್ಕೆ ಕುಂಡಗಳನ್ನಿಟ್ಟು ಅವರನ್ನು ಮತ್ತೆ ಮಣ್ಣಿನ ಕೆಲಸಕ್ಕೆ ಹಚ್ಚುವುದು ಇದರ ರೀತಿ. ಕೈಗೆ ಅಭ್ಯಾಸವೂ ಮನಸ್ಸಿಗೆ ನೆಲೆಯೂ ದೊರೆಯುತ್ತದೆ. ಅಮೆರಿಕದಲ್ಲಿ ಈ ತಜ್ಞರಿಗೆ ಅರ್ಹತಾಪತ್ರ ನೀಡುವ ರಾಷ್ಟ್ರೀಯ ಮಂಡಳಿ 1981ರಿಂದ ಇದೆ. ಇದು ಔಷಧೋಪಚಾರಕ್ಕೆ ಪೂರಕವೇ ಹೊರತು ಬದಲಿಯಲ್ಲ. ವಿದೇಶಕ್ಕೆ ಓದಲು ಹೊರಟ ಮಕ್ಕಳೂ ಇದನ್ನು ವೈದ್ಯ ಪದವಿಯೆಂದು ಭಾವಿಸಬಾರದು.

ಆಯುರ್ವೇದವನ್ನು ಬಲ್ಲವರಿಗೆ ಇದರ ತಿರುಳು ಅಪರಿಚಿತವಲ್ಲ. ಚರಕ ಸಂಹಿತೆಯು ಇಂದ್ರಿಯ ವಿಷಯಗಳು, ಕರ್ಮ ಮತ್ತು ಕಾಲ ಇವುಗಳ ಅತಿಯೋಗ, ಅಯೋಗ, ಮಿಥ್ಯಾಯೋಗಗಳನ್ನು ರೋಗಕಾರಣವೆಂದು ಹೇಳುತ್ತದೆ. ವಿರಾಮಕ್ಕೂ ಈ ಅಳತೆಗೋಲು ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಬಿಡುವೇ ಇಲ್ಲದ ದುಡಿಮೆ ವಿರಾಮದ ಅಯೋಗ. ದಿನವಿಡೀ ಮಾಡಲೇನೂ ಇಲ್ಲದಿರುವುದು ಅತಿಯೋಗ. ಮಲಗುವ ಹೊತ್ತಿನಲ್ಲಿ ಮೊಬೈಲನ್ನು ದಿಟ್ಟಿಸುತ್ತ ನಿದ್ರೆಯನ್ನು ಕಳೆದುಕೊಳ್ಳುವುದು ಮಿಥ್ಯಾಯೋಗ. ವ್ಯಾಯಾಮವನ್ನೂ ಅರ್ಧಶಕ್ತಿಯಷ್ಟೇ ಮಾಡಬೇಕೆಂದ ಶಾಸ್ತ್ರವು ಮಿತಿಯ ಬೆಲೆಯನ್ನು ಚೆನ್ನಾಗಿ ಅರಿತಿತ್ತು.

ಈ ಅಧ್ಯಯನ ಕಲಿಸುವ ಇನ್ನೊಂದು ಪಾಠ ನಮ್ಮ ಮನೆಗಳಿಗೆ ನೇರವಾಗಿ ತಾಗುತ್ತದೆ. ವಿರಾಮವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ವಾಟರ್‌ಲೂ ವಿಶ್ವವಿದ್ಯಾಲಯದ ಸೂಸನ್ ಶಾ ಮೊದಲಾದ ವಿದ್ವಾಂಸರು ಕುಟುಂಬದ ವಿಹಾರವು ಬಹುಪಾಲು ತಾಯಂದಿರಿಗೆ ಮತ್ತೊಂದು ಕೆಲಸವೇ ಆಗಿಬಿಡುವುದನ್ನು ತೋರಿಸಿದ್ದಾರೆ. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಪುರುಷರು ವ್ಯಯಿಸುವುದು 97 ನಿಮಿಷ. ಹಬ್ಬದ ದಿನ ಮನೆಮಂದಿಗೆಲ್ಲ ರಜೆ, ಅಡುಗೆಮನೆಯಲ್ಲಿರುವ ತಾಯಿಗೆ ಮಾತ್ರ ದುಪ್ಪಟ್ಟು ಕೆಲಸ. ಸೊಂಟನೋವು, ತಲೆನೋವುಗಳಿಗೆ ತೈಲ, ಕಷಾಯಗಳನ್ನು ಬರೆದುಕೊಡಬಹುದು. ಆದರೆ ಆಕೆಗೆ ಬೇಕಾದ ಒಂದು ಗಂಟೆಯ ಬಿಡುವನ್ನು ಮನೆಯವರೇ ಕೊಡಬೇಕು.

ಈ ವಿದ್ಯೆಯ ಪ್ರಯೋಜನ ಪಡೆಯಲು ಎಲ್ಲರೂ ಕೆನಡಾಕ್ಕೆ ಹೋಗಬೇಕಾಗಿಲ್ಲ. ಈ ಅಧ್ಯಯನಗಳಲ್ಲಿ ಬಳಸುವ ಸರಳ ಸಾಧನ ಸಮಯದ ದಿನಚರಿ. ಒಂದು ವಾರ ಮನೆಯ ಪ್ರತಿಯೊಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಯಾವ ಹೊತ್ತಿನಲ್ಲಿ ಏನು ಮಾಡಿದೆವು, ಯಾರೊಡನೆ ಇದ್ದೆವು, ಅದನ್ನು ಇಷ್ಟಪಟ್ಟು ಮಾಡಿದೆವೋ ಅನಿವಾರ್ಯವಾಗಿ ಮಾಡಿದೆವೋ ಎಂದು ಬರೆದಿಡಲಿ. ವಾರದ ಕೊನೆಗೆ ಎಲ್ಲರೂ ಕುಳಿತು ಓದಲಿ. ಯಾರ ಹಾಳೆಯಲ್ಲಿ ಇಷ್ಟಪಟ್ಟು ಮಾಡಿದ ಒಂದು ಗಂಟೆಯೂ ಇಲ್ಲವೋ ಅವರ ಒಂದು ಕೆಲಸವನ್ನು ಮರುದಿನದಿಂದಲೇ ಇನ್ನೊಬ್ಬರು ವಹಿಸಿಕೊಳ್ಳಲಿ. ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿರುವವರು ಯಾವುದಾದರೂ ಒಂದು ಹವ್ಯಾಸವನ್ನು ಈಗಲೇ ಆರಂಭಿಸಲಿ. ಬರಿದಾದ ಹಗಲು ಎದುರು ಬಂದು ನಿಂತ ಮೇಲೆ ಕಲಿಯುವುದು ಕಷ್ಟ.