ಮಲೆನಾಡಿನಲ್ಲಿ ಗೃಹನಿರ್ಮಾಣಕ್ಕೆ ಸರ್ಕಾರದ ಸಹಾಯ

ಕಾಫಿ ಸೀಮೆಯಲ್ಲಿ ಮನೆಯಿಲ್ಲದವನೆಂದರೆ ಸಾಮಾನ್ಯವಾಗಿ ಬೀದಿಯಲ್ಲಿ ಮಲಗುವವನಲ್ಲ. ತೋಟದ ಲೈನಿನಲ್ಲಿ ಹುಟ್ಟಿ, ಲೈನಿನಲ್ಲಿಯೇ ಬೆಳೆದು, ಮೈಯಲ್ಲಿ ಕಸುವಿರುವವರೆಗೆ ಅಲ್ಲಿಯೇ ಇರುವವನು. 1951ನೆಯ ಇಸವಿಯ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ತೋಟದಲ್ಲಿ ವಾಸಿಸುವ ಆಳುಗಳಿಗೆ ವಸತಿಯನ್ನು ಕಲ್ಪಿಸುವ ಹೊಣೆಯನ್ನು ಯಜಮಾನನ ಮೇಲೆ ಹೊರಿಸಿತು. ಆದರೆ ಆ ವಸತಿಯು ಕೆಲಸಕ್ಕೆ ಅಂಟಿಕೊಂಡದ್ದೇ ಹೊರತು ಆಳಿನ ಸ್ವತ್ತಲ್ಲ. ಮುಪ್ಪಿನಲ್ಲಿ ಕೆಲಸ ಬಿಟ್ಟ ದಿನ ಅವನು ಎಲ್ಲಿಗೆ ಹೋಗತಕ್ಕದ್ದೆಂಬ ಪ್ರಶ್ನೆಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಅನೇಕ ಕುಟುಂಬಗಳಲ್ಲಿ ಇಂದಿಗೂ ಉತ್ತರವಿಲ್ಲ. ಆದುದರಿಂದ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಸರ್ಕಾರದ ಗೃಹಸಹಾಯದ ಕ್ರಮವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕ.

1985ರಲ್ಲಿ ಆರಂಭವಾದ ಇಂದಿರಾ ಆವಾಸ ಯೋಜನೆಯು 2016ರಲ್ಲಿ ಪ್ರಧಾನಮಂತ್ರಿ ಆವಾಸ ಯೋಜನೆ, ಗ್ರಾಮೀಣ, ಎಂದು ಮಾರ್ಪಟ್ಟಿತು. 2024ರಲ್ಲಿ ಅದನ್ನು 2029ರ ಮಾರ್ಚಿಯವರೆಗೆ ಮುಂದುವರಿಸಿ, ದೇಶದಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಅನುಮತಿ ಕೊಡಲಾಯಿತು. ಸಹಾಯದ ಮೊತ್ತವು ಬಯಲು ನಾಡಿಗೆ 1,20,000 ರೂಪಾಯಿ. ಗುಡ್ಡಗಾಡು ರಾಜ್ಯಗಳಿಗೂ ದುರ್ಗಮ ಪ್ರದೇಶಗಳಿಗೂ 1,30,000 ರೂಪಾಯಿ. ಚಾರ್ಮಾಡಿ ಘಟ್ಟವನ್ನು ಕಂಡವರಿಗೆ ಇದು ನಗೆ ತರಿಸಬಹುದಾದರೂ ಕರ್ಣಾಟಕವು ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಆದುದರಿಂದ ಕಡಿಮೆಯ ಮೊತ್ತವನ್ನೇ ಹಿಡಿದು ಲೆಕ್ಕ ಹಾಕುವುದು ಕ್ಷೇಮ. ರಾಜ್ಯ ಸರ್ಕಾರದ ಬಸವ ವಸತಿ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳೂ ಉಂಟು. ಇವು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯತಕ್ಕವು.

ಇದು ಸಾಲವಲ್ಲ, ಸಹಾಯಧನವೆಂಬುದನ್ನು ಜನರಿಗೆ ಬಿಡಿಸಿ ಹೇಳಬೇಕು. ತಳಪಾಯ, ಕಿಟಕಿಯ ಮಟ್ಟ, ಛಾವಣಿ, ಮುಕ್ತಾಯ ಎಂಬ ಹಂತಗಳಲ್ಲಿ ಕೆಲಸದ ಛಾಯಾಚಿತ್ರವನ್ನು ತೆಗೆದ ಮೇಲೆಯೇ ಹಣವು ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಸೇರುತ್ತದೆ. ನಡುವೆ ಯಾರಿಗೂ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಸಾಲದೆ ಬಂದವನು ಬ್ಯಾಂಕಿನಿಂದ 70,000 ರೂಪಾಯಿಗಳವರೆಗೆ ಸಾಲ ಪಡೆಯಲು ಯೋಜನೆಯಲ್ಲಿಯೇ ಅವಕಾಶವಿದೆ. ಶೇಕಡ 9ರ ಬಡ್ಡಿಯೆಂದೂ ಏಳು ವರ್ಷಗಳ ವಾಯಿದೆಯೆಂದೂ ಇಟ್ಟುಕೊಂಡರೆ ತಿಂಗಳ ಕಂತು ಸುಮಾರು 1,126 ರೂಪಾಯಿ. ಬಡ್ಡಿಯೇ ಒಟ್ಟು 24,600 ರೂಪಾಯಿಗಳಷ್ಟಾಗುವುದು. ಕೊಯ್ಲಿನ ದಿನಗಳಲ್ಲಿ ಈ ಕಂತು ಭಾರವಲ್ಲ. ಆಷಾಢ ಶ್ರಾವಣಗಳಲ್ಲಿ ಕೂಲಿ ಕಡಿಮೆಯಾದಾಗ ಭಾರವೇ ಸರಿ. ಆದುದರಿಂದ ಮಳೆಗಾಲದ ಮೂರು ನಾಲ್ಕು ಕಂತುಗಳನ್ನು ಕೊಯ್ಲಿನ ಹಣದಲ್ಲಿಯೇ ತೆಗೆದಿರಿಸಿಕೊಳ್ಳುವಂತೆ ಸಾಲಗಾರನಿಗೆ ಮೊದಲೇ ಬುದ್ಧಿ ಹೇಳುವುದು ಲೇಸು.

ಜಮೀನುದಾರರು ತಮಗಾಗಿ ಈ ಸಹಾಯವನ್ನು ನಿರೀಕ್ಷಿಸತಕ್ಕದ್ದಲ್ಲ. 2½ ಎಕರೆಯಷ್ಟು ಅಥವಾ ಅದಕ್ಕೂ ಮೇಲ್ಪಟ್ಟು ನೀರಾವರಿ ಭೂಮಿಯನ್ನಾಗಲಿ, 5 ಎಕರೆಯಷ್ಟು ಅಥವಾ ಅದಕ್ಕೂ ಮೇಲ್ಪಟ್ಟು ಖುಷ್ಕಿಯನ್ನಾಗಲಿ ಉಳ್ಳವರನ್ನು ಕೇಂದ್ರದ ನಿಯಮವು ಬಿಟ್ಟಿದೆ. ಪಟ್ಟಿಯು ಗ್ರಾಮಸಭೆಯ ಮುಂದೆ ಬರತಕ್ಕದ್ದು; ಆ ದಿನ ಲೈನಿನ ಜನರಿಗೆ ರಜವನ್ನು ಕೊಟ್ಟು ಕಳುಹಿಸುವ ತೋಟದವರು ಹಣ ಖರ್ಚಿಲ್ಲದೆ ದೊಡ್ಡ ಉಪಕಾರ ಮಾಡಿದಂತೆ.

ನಿಜವಾದ ತೊಡಕು ಹಣದ್ದಲ್ಲ, ನಿವೇಶನದ್ದು. ನೆಲವಿಲ್ಲದವನಿಗೆ ಮನೆಯ ಮಂಜೂರಾತಿ ನಿಷ್ಫಲ. ಕಳಸದ ಸುತ್ತ ಒಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇನ್ನೊಂದು ಕಡೆ ಮೀಸಲು ಅರಣ್ಯ, ಉಳಿದದ್ದು ತೋಟ. ಸರ್ಕಾರಿ ಕಂದಾಯ ಭೂಮಿಯಲ್ಲಿ ಮೊದಲೇ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯಿದೆಯ 94ಸಿ ಪ್ರಕರಣದಲ್ಲಿ ಸಕ್ರಮಕ್ಕೆ ದಾರಿ ಇದೆ. ಅರಣ್ಯದಲ್ಲಿ ಕಟ್ಟಿದ್ದರೆ ಆ ದಾರಿ ಇಲ್ಲ. ಕೆಲವು ಯಜಮಾನರು ಹಳೆಯ ಆಳಿಗೆ ಎರಡು ಮೂರು ಗುಂಟೆಯನ್ನು ಬಾಯಿಮಾತಿನಲ್ಲಿ ಬಿಟ್ಟುಕೊಡುವುದುಂಟು. ಮನಸ್ಸು ದೊಡ್ಡದೇ, ಆದರೆ ಕಾಗದವಿಲ್ಲದ ದಾನವನ್ನು ಪಂಚಾಯಿತಿಯೂ ಒಪ್ಪದು, ಬ್ಯಾಂಕೂ ಒಪ್ಪದು. ಯಜಮಾನನ ಮಕ್ಕಳ ಕಾಲದಲ್ಲಿ ಅದು ವ್ಯಾಜ್ಯಕ್ಕೆ ಬೀಜವಾಗುವುದು. ಭೂಪರಿವರ್ತನೆ, ನೋಂದಣಿ, ತರುವಾಯ ಪಂಚಾಯಿತಿಯ ಇ-ಸ್ವತ್ತು ನಮೂನೆ, ಇಷ್ಟನ್ನೂ ಮಾಡಿಸಿ ಕೊಡುವುದೇ ಸರಿಯಾದ ದಾನ. ಪತ್ರವು ಗಂಡಹೆಂಡಿರಿಬ್ಬರ ಹೆಸರಿನಲ್ಲಾದರೆ ಉತ್ತಮ.

ಕಟ್ಟುವ ಸ್ಥಳದ ವಿಷಯದಲ್ಲಿ ಒಂದು ಮಾತು. 2019ರ ಆಗಸ್ಟಿನ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ಹಾಳಾದುದು ಎಲ್ಲರಿಗೂ ನೆನಪಿದೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನು ರಾಜ್ಯ ಸರ್ಕಾರವು ಆಗ ಘೋಷಿಸಿತು. ಆದರೆ ಹೋದ ನೆಲವನ್ನು ಯಾವ ಹಣವೂ ಹಿಂದಕ್ಕೆ ತಾರದು. ಗುಡ್ಡವನ್ನು ನೆಟ್ಟಗೆ ಕಡಿದು ಧರೆಗೆ ಒತ್ತಿಕೊಂಡು ಮನೆ ಕಟ್ಟುವ ಪದ್ಧತಿಯನ್ನು ಬಿಡಬೇಕು. ಧರೆಯಿಂದ ಸಾಕಷ್ಟು ದೂರ ಬಿಟ್ಟು, ಧರೆಯನ್ನು ಇಳಿಜಾರಾಗಿ ತರಿದು, ಅದರ ತಲೆಯ ಮೇಲೊಂದು ಬುಡದಲ್ಲೊಂದು ಚರಂಡಿಯನ್ನು ತೆಗೆಯತಕ್ಕದ್ದು. ಮೇಲಿನ ಚರಂಡಿಯ ನೀರು ಪಕ್ಕದವನ ಅಂಗಳಕ್ಕೆ ಬೀಳದಂತೆ ಹಳ್ಳಕ್ಕೆ ಸೇರಿಸಬೇಕು.

ಮಂಜೂರಾತಿಯು ಯಾವಾಗ ಬಂದರೂ ಕೆಲಸಕ್ಕೆ ಸಿಕ್ಕುವ ಕಾಲ ಸ್ವಲ್ಪವೇ. ನವೆಂಬರಿನಿಂದ ಅರೇಬಿಕ, ಅದರ ಬೆನ್ನಿಗೆ ರೊಬಸ್ಟ ಕೊಯ್ಲು ಬರುವುದರಿಂದ ಆಳು ದೊರೆಯುವುದಿಲ್ಲ. ತಳಪಾಯವನ್ನು ಕೊಯ್ಲಿಗೆ ಮುಂಚೆಯೇ ಮುಗಿಸಿ, ಗೋಡೆಯನ್ನು ಫೆಬ್ರವರಿ ಮಾರ್ಚಿಯಲ್ಲಿ ಎಬ್ಬಿಸಿ, ಮೇ ಮಧ್ಯದೊಳಗಾಗಿ ಮಾಡು ಮುಚ್ಚಿದರೆ ಮಳೆಗೆ ಸಿಕ್ಕದು. ಛಾವಣಿಯಿಲ್ಲದ ಗೋಡೆಯನ್ನು ಜೂನಿಗೆ ಬಿಟ್ಟವನು ಮುಂದಿನ ವರ್ಷ ತಳಪಾಯದಿಂದಲೇ ಆರಂಭಿಸಬೇಕಾದೀತು. ಆಗ ಮುಗಿದುಹೋದ ಹಂತದ ಹಣವನ್ನು ಎರಡನೆಯ ಸಲ ಕೊಡುವುದಿಲ್ಲ.