ಹೊಟ್ಟಿನ ಬೂದಿಯೊಳಗಿನ ಹಾಳೆ

ಸಿಂಧನೂರು ಸೀಮೆಯಲ್ಲಿ ಭತ್ತಕ್ಕೆ ಬೆಲೆಯುಂಟು, ತೌಡಿಗೂ ಉಂಟು. ಹೊಟ್ಟು ಮಾತ್ರ ಬಾಯ್ಲರ್‌ ಪಾಲು. ಭತ್ತದ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಹೊಟ್ಟೇ ಇರುತ್ತದೆ. ಅದು ಉರಿದ ಮೇಲೆ ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ. ಬೂದಿಯನ್ನು ಕಪ್ಪಾಗಿಸುವುದು ಪೂರ್ತಿ ಸುಡದೆ ಉಳಿದ ಇಂಗಾಲ. ಆ ಇಂಗಾಲದಿಂದಲೇ ಗ್ರ್ಯಾಫೀನ್ ಪಡೆಯಬಹುದೆಂದು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬೂದಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಕುಲುಮೆಯಲ್ಲಿ ಕಾಯಿಸಿ, ತೊಳೆದರು.

ಗ್ರ್ಯಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಹೆಣಿಗೆ ಜೇನುಗೂಡಿನದು. ಪೆನ್ಸಿಲ್ಲಿನ ಗ್ರಾಫೈಟ್ ಇಂಥ ಹಾಳೆಗಳದೇ ಕಟ್ಟು. 2004ರಲ್ಲಿ ಮ್ಯಾಂಚೆಸ್ಟರಿನ ಗೀಮ್ ಮತ್ತು ನೊವೊಸೆಲೊವ್ ಅಂಟುಟೇಪಿನಿಂದ ಆ ಕಟ್ಟಿನ ಪದರ ಕಿತ್ತರು. 2010ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮಲ್ಲಿ ಈ ವಿದ್ಯೆಯ ದೊಡ್ಡ ಮನೆ ಬೆಂಗಳೂರಿನ ಜಕ್ಕೂರಿನಲ್ಲಿದೆ: 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಶಿಷ್ಯರು 2009ರಲ್ಲಿ ಪ್ರಕಟಿಸಿದ ವಿಧಾನ ನನಗೆ ಬಲು ಇಷ್ಟ. ಹೈಡ್ರೋಜನ್ ತುಂಬಿದ ಕೋಣೆಯಲ್ಲಿ ಎರಡು ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸುತ್ತಾರೆ. ಇಂಗಾಲ ಆವಿಯಾಗಿ, ಮಸಿಯಂತೆ ಒಳಗೋಡೆಗೆ ಕೂರುತ್ತದೆ. ಬಿಟ್ಟರೆ ಅದು ಸುರುಳಿ ಸುತ್ತಿ ನ್ಯಾನೊ ಕೊಳವೆಯಾದೀತು. ಆದರೆ ಹಾಳೆಯ ಅಂಚಿನ ತೆರೆದ ಬಂಧಗಳನ್ನು ಹೈಡ್ರೋಜನ್ ಹಿಡಿದುಕೊಂಡು, ಸುರುಳಿಯಾಗಲು ಬಿಡುವುದಿಲ್ಲ. ಗೋಡೆ ಕೆರೆದರೆ ಎರಡರಿಂದ ನಾಲ್ಕು ಪದರದ, 100–200 ನ್ಯಾನೊಮೀಟರ್ ಅಗಲದ ಚೂರುಗಳು. ಅದೇ ಕೋಣೆಗೆ ಡೈಬೋರೇನ್ ಬಿಟ್ಟರೆ ಹಾಳೆಯೊಳಗೆ ಬೋರಾನ್ ಸೇರುತ್ತದೆ, ಪಿರಿಡಿನ್ ಆವಿ ಬಿಟ್ಟರೆ ನೈಟ್ರೋಜನ್. ವಿದ್ಯುತ್ ಹರಿಯುವ ಬಗೆಯೇ ಬದಲಾಗುತ್ತದೆ.

ಹೊಟ್ಟಿನಿಂದ ಬರುವ ಗ್ರ್ಯಾಫೀನ್ ಇಷ್ಟು ಚೊಕ್ಕವಲ್ಲ. ಎಲೆಕ್ಟ್ರಾನಿಕ್ ಚಿಪ್‌ಗೆ ಅದನ್ನು ನಂಬಲಾಗದು. ವಿದ್ಯುತ್ ಕೂಡಿಡುವ ಸೂಪರ್‌ಕೆಪಾಸಿಟರ್‌ಗೂ ನೀರು ಸೋಸುವುದಕ್ಕೂ ಬೇಕಾಗುವುದು ಸಣ್ಣ ರಂಧ್ರಗಳಿಂದ ತುಂಬಿದ, ಮೇಲ್ಮೈ ಹೆಚ್ಚಿರುವ ಇಂಗಾಲ. ಅದು ಹೊಟ್ಟಿನಿಂದ ಸಿಗುತ್ತದೆ.

ನೆಲದಿಂದ ಬೆಲೆಯುಳ್ಳದ್ದನ್ನು ತೆಗೆಯುವ ಕಸುಬು ಈ ಭಾಗಕ್ಕೆ ಹೊಸದೇನಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಕಲ್ಲು ಅರೆದು ಚಿನ್ನ ತೆಗೆಯುತ್ತಾರೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ಗೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರಸಾಯನಶಾಸ್ತ್ರದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಈ ಸಲದ ವಿದ್ಯಾರ್ಥಿ ಪ್ರಾಜೆಕ್ಟಿಗೆ ಹತ್ತಿರದ ರೈಸ್ ಮಿಲ್ಲಿನಿಂದ ಒಂದು ಬುಟ್ಟಿ ಬೂದಿ ತರಿಸಿ. ಅದರಲ್ಲಿ ಇಂಗಾಲ ಎಷ್ಟಿದೆ, ಸಿಲಿಕಾ ಎಷ್ಟಿದೆ ಎಂದು ಮಕ್ಕಳ ಕೈಯಲ್ಲೇ ತೂಗಿಸಿ.