ಕಾಲೋ, ಗಾಳಿಯ ಮೆತ್ತೆಯೋ?

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅಲ್ಲಿ ಕೊಂಬಿಗೆ ಗೊಂಡೆ ಕಟ್ಟಿಸಿಕೊಂಡು ನಿಲ್ಲುವ ಹಳ್ಳಿಕಾರ್ ಎತ್ತಿನ ವಂಶವು ಒಂದು ಕಾಲದಲ್ಲಿ ಸೇನೆಯ ಅಂಗವಾಗಿತ್ತು. ಹಳ್ಳಿಕಾರ್ ಮೂಲದಿಂದ ಬೆಳೆದ ಅಮೃತಮಹಲ್ ಎತ್ತುಗಳೇ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಫಿರಂಗಿಗಳನ್ನು ಎಳೆಯುತ್ತಿದ್ದುವು. ಚಿದಂಬರದ ನೆರವಿಗಾಗಿ ಹೈದರನ ಸೇನೆ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು ಇವುಗಳ ಬಲದಿಂದಲೇ ಎಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ ಕಾರ್ನ್‌ವಾಲಿಸನಿಗಾದರೋ ಎತ್ತುಗಳೇ ಉಳಿಯಲಿಲ್ಲ. ಮೇವಿಲ್ಲದೆ, ರೋಗ ಬಡಿದು ಅವು ಸಾಯತೊಡಗಿದುವು. ಅವನು ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂತಿರುಗಬೇಕಾಯಿತು.

ಸೇನೆಯನ್ನು ಹೊತ್ತು ನಡೆಸುವ ಈ ಸಮಸ್ಯೆಯನ್ನು ವೈಜ್ಞಾನಿಕ ಕಥೆಗಾರರು ಎರಡು ಬಗೆಯಾಗಿ ಬಿಡಿಸಿದ್ದಾರೆ. ಎಚ್. ಜಿ. ವೆಲ್ಸನ 1898ರ ಕಾದಂಬರಿಯಲ್ಲಿ ಮಂಗಳವಾಸಿಗಳು ಮೂರು ಕಾಲಿನ ದೈತ್ಯಯಂತ್ರಗಳನ್ನೇರಿ ಬರುತ್ತಾರೆ. 1980ರ ಒಂದು ಪ್ರಸಿದ್ಧ ಅಮೆರಿಕನ್ ಚಲನಚಿತ್ರದಲ್ಲಿ ನಾಲ್ಕು ಕಾಲಿನ ಉಕ್ಕಿನ ಆನೆಗಳಂಥವು ಹಿಮದ ಮೇಲೆ ನಡೆಯುತ್ತವೆ. ಇನ್ನು ಕೆಲವು ಕಥೆಗಳಲ್ಲಿ ಟ್ಯಾಂಕುಗಳು ನೆಲವನ್ನು ಮುಟ್ಟದೆ ತೇಲುತ್ತವೆ. ಇವೆರಡರಲ್ಲಿ ಯಾವುದು ಮೇಲೆಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ನೆಲವನ್ನು ಕೇಳಿ ಹೇಳುತ್ತೇನೆಂಬುದು ನನ್ನ ಉತ್ತರ.

400 ಕಿಲೋಗ್ರಾಂ ತೂಗುವ ಎತ್ತನ್ನು ತೆಗೆದುಕೊಳ್ಳೋಣ. ಒಂದೊಂದು ಗೊರಸಿನ ಅಡಿ 80 ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ, ನಿಂತಿರುವಾಗ ಚದರ ಸೆಂಟಿಮೀಟರಿಗೆ 1.25 ಕಿಲೋಗ್ರಾಂ ಭಾರ ಬೀಳುತ್ತದೆ. ಎರಡೇ ಕಾಲುಗಳು ನೆಲದ ಮೇಲಿರುವ ಕ್ಷಣದಲ್ಲಿ ಇದು ಇಮ್ಮಡಿಯಾಗುತ್ತದೆ. ನಮ್ಮ ಅರ್ಜುನ್ ಟ್ಯಾಂಕು ಸುಮಾರು 60 ಟನ್ ತೂಗಿದರೂ, ಅದರ ಅಗಲವಾದ ಪಟ್ಟಿಗಳ ಕಾರಣದಿಂದ ನೆಲದ ಮೇಲಿನ ಸರಾಸರಿ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮಿಗಿಂತ ಕಡಿಮೆ! ಈಗ ಎತ್ತನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ದೊಡ್ಡದು ಮಾಡಿದೆವೆನ್ನಿ. ತೂಕ ಸಾವಿರ ಪಟ್ಟಾಗುತ್ತದೆ, ಪಾದದ ವಿಸ್ತಾರ ನೂರು ಪಟ್ಟು ಮಾತ್ರ. ಹಾಗಾಗಿ ಒತ್ತಡ ಹತ್ತು ಪಟ್ಟಾಗುತ್ತದೆ. ಇಂಥ ದೈತ್ಯನು ಹೊಸಕೋಟೆಯ ಕೆರೆಯಂಗಳಕ್ಕೆ ಇಳಿದರೆ ಶತ್ರುವಿನ ಗುಂಡೇ ಬೇಕಿಲ್ಲ, ಕೆಸರೇ ಸಾಕು.

ಗಾಳಿಯ ಮೆತ್ತೆಯ ವಾಹನಕ್ಕೆ ಈ ಭಯವಿಲ್ಲ. ಕ್ರಿಸ್ಟೋಫರ್ ಕಾಕೆರೆಲ್ ಎಂಬ ಇಂಗ್ಲಿಷ್ ಎಂಜಿನಿಯರನು ಎರಡು ತಗಡಿನ ಡಬ್ಬಿಗಳನ್ನೂ ಒಂದು ಊದುಯಂತ್ರವನ್ನೂ ಇಟ್ಟುಕೊಂಡು ಇದರ ತತ್ತ್ವವನ್ನು ಪರೀಕ್ಷಿಸಿದನು; 1959ರ ಜುಲೈ 25ರಂದು ಅವನ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. 10 ಮೀಟರು ಉದ್ದ, 5 ಮೀಟರು ಅಗಲ, 5 ಟನ್ ತೂಕದ ವಾಹನವೊಂದನ್ನು ಊಹಿಸಿ. ಅದರ ತಳದಲ್ಲಿ ಬೇಕಾದ ಹೆಚ್ಚುವರಿ ಒತ್ತಡ ಚದರ ಸೆಂಟಿಮೀಟರಿಗೆ ಕೇವಲ 10 ಗ್ರಾಂ, ಎಂದರೆ ನಿಂತ ಎತ್ತಿನದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಆದರೆ ಈ ಸುಖ ಪುಕ್ಕಟೆಯಲ್ಲ. ಅಷ್ಟು ಒತ್ತಡದ ಗಾಳಿ ಅಂಚಿನ ಕೆಳಗಿನಿಂದ ಸೆಕೆಂಡಿಗೆ ಸುಮಾರು 40 ಮೀಟರು ವೇಗದಲ್ಲಿ ನುಸುಳಿ ಹೋಗುತ್ತಿರುತ್ತದೆ. ಅದನ್ನು ಸದಾ ತುಂಬಿಕೊಡಬೇಕು. ಅಂಚು ನೆಲದಿಂದ 1 ಸೆಂಟಿಮೀಟರು ಎತ್ತರದಲ್ಲಿದ್ದರೆ ಇದಕ್ಕೆ 16 ಅಶ್ವಸಾಮರ್ಥ್ಯ ಸಾಕು. ನಮ್ಮ ರಾಗಿ ಹೊಲದ ಬದುವನ್ನು ದಾಟಲೆಂದು 30 ಸೆಂಟಿಮೀಟರು ಮೇಲೆದ್ದರೆ 480 ಬೇಕು! ಆದುದರಿಂದಲೇ ನಿಜವಾದ ಹೋವರ್‌ಕ್ರಾಫ್ಟುಗಳಿಗೆ ಬಾಗುವ ರಬ್ಬರಿನ ಲಂಗವನ್ನು ತೊಡಿಸುತ್ತಾರೆ. ಕಾಲಿನ ಯಂತ್ರವಾದರೆ ಕೀಲುಗಳನ್ನು ಬಿಗಿದು, ಎಂಜಿನನ್ನು ಆರಿಸಿ ಸುಮ್ಮನೆ ನಿಲ್ಲಬಹುದು. ತೇಲುವ ಯಂತ್ರವು ತೇಲಿಕೊಂಡೇ ಕಾವಲು ಕಾಯುವುದಾದರೆ ಅಷ್ಟು ಹೊತ್ತೂ ಎಣ್ಣೆ ಸುಡಬೇಕು.

ಇನ್ನೊಂದು ತೊಡಕು ಘರ್ಷಣೆಯ ಅಭಾವದ್ದು. ನಾವು ಸಾಮಾನ್ಯವಾಗಿ ಘರ್ಷಣೆಯನ್ನು ಶತ್ರುವೆಂದು ಬಯ್ಯುತ್ತೇವೆ, ಪಾಪ. ಮೇಲೆ ಹೇಳಿದ 5 ಟನ್ ವಾಹನದಿಂದ 6 ಕಿಲೋಗ್ರಾಮಿನ ಗುಂಡನ್ನು ಸೆಕೆಂಡಿಗೆ 800 ಮೀಟರು ವೇಗದಲ್ಲಿ ಹಾರಿಸಿದರೆ, ಸಂವೇಗ ಸಂರಕ್ಷಣೆಯ ನಿಯಮದಂತೆ ವಾಹನವು ಸೆಕೆಂಡಿಗೆ ಸುಮಾರು 1 ಮೀಟರು ವೇಗದಲ್ಲಿ ಹಿಂದಕ್ಕೆ ಜಾರುತ್ತದೆ. ತಡೆಯಲು ನೆಲದ ಹಿಡಿತವಿಲ್ಲ. ಐದಕ್ಕೆ ಒಂದರ ಏರಿನಲ್ಲಿ 1000 ಕಿಲೋಗ್ರಾಮಿನಷ್ಟು ಬಲ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ದೇವನಹಳ್ಳಿಯಿಂದ ಕಾಣುವ ನಂದಿದುರ್ಗವನ್ನು 1791ರ ಅಕ್ಟೋಬರಿನಲ್ಲಿ ಮುತ್ತಿದ ಇಂಗ್ಲಿಷರು ಫಿರಂಗಿಗಳನ್ನು ಕಡಿದಾದ ಬೆಟ್ಟದ ಮೈಮೇಲೆ ಎಳೆದು ಏರಿಸಿದರು. ಅಲ್ಲಿ ಗಾಳಿಯ ಮೆತ್ತೆಯಿಂದ ಏನೂ ನಡೆಯುತ್ತಿರಲಿಲ್ಲ. ಗಾಲಿಗೆ ಎಡೆಬಿಡದ ದಾರಿ ಬೇಕು. ಕಾಲಿಗಾದರೆ ಅಲ್ಲೊಂದು ಇಲ್ಲೊಂದು ಗಟ್ಟಿ ಕಲ್ಲು ಸಿಕ್ಕರೂ ಸಾಕು.

ಸೇನೆಗಳು ಇವೆರಡನ್ನೂ ಪ್ರಯತ್ನಿಸಿ ನೋಡಿವೆ. ವಿಯೆಟ್ನಾಮಿನ ಜೌಗುನಾಡಿನಲ್ಲಿ 1966ರಿಂದ ಅಮೆರಿಕನ್ನರು ಹೋವರ್‌ಕ್ರಾಫ್ಟುಗಳನ್ನು ಬಳಸಿದರು. ಅದೇ ದಶಕದಲ್ಲಿ ಅವರ ಸೇನೆಗಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯು ಸುಮಾರು 1400 ಕಿಲೋಗ್ರಾಮಿನ ನಾಲ್ಕು ಕಾಲಿನ ಯಂತ್ರವನ್ನು ಕಟ್ಟಿತು. ಚಾಲಕನ ಕೈಕಾಲುಗಳ ಚಲನೆಯನ್ನೇ ಯಂತ್ರದ ಕಾಲುಗಳು ಅನುಸರಿಸುತ್ತಿದ್ದುವು. ನಾಲ್ಕನ್ನೂ ಒಟ್ಟಿಗೆ ನಡೆಸುವುದರಲ್ಲಿ ಅವನು ಬೇಗನೆ ದಣಿದುಹೋಗುತ್ತಿದ್ದನು. ಮುಂದೆ ಗಣಕಯಂತ್ರವು ಆ ಹೊರೆಯನ್ನು ವಹಿಸಿಕೊಂಡಿತು. ಆದರೂ ಅಮೆರಿಕದ ನೌಕಾಪದಾತಿ ಪಡೆಯು ತನ್ನ ಯಾಂತ್ರಿಕ ಹೇಸರಗತ್ತೆಯನ್ನು 2015ರಲ್ಲಿ ಕೈಬಿಟ್ಟಿತು. ಅದರ ಎಂಜಿನಿನ ಸದ್ದು ಸೈನಿಕರಿರುವ ತಾಣವನ್ನು ಶತ್ರುವಿಗೆ ಸಾರುತ್ತಿತ್ತು!

ಭಾರತದಲ್ಲಿ ಈ ಎರಡು ಬಗೆಗಳೂ ತಮ್ಮ ತಮ್ಮ ನೆಲವನ್ನು ಆರಿಸಿಕೊಂಡಿವೆ. ಕರಾವಳಿ ರಕ್ಷಣಾ ಪಡೆಯ ಹೋವರ್‌ಕ್ರಾಫ್ಟುಗಳು ಮಂಗಳೂರಿನ ಕಡಲ ದಡದಲ್ಲಿ ನೀರಿನಿಂದ ಮರಳಿಗೆ ನೇರವಾಗಿ ಏರಿಬರುತ್ತವೆ. 2025ರ ಜನವರಿಯಲ್ಲಿ ಪುಣೆಯಲ್ಲಿ ನಡೆದ ಭೂಸೇನಾ ದಿನದ ಕವಾಯತಿನಲ್ಲಿ ವಿದ್ಯುತ್ ಮೋಟರಿನ ನಾಲ್ಕು ಕಾಲಿನ ಯಂತ್ರಗಳು ಸಾಲಾಗಿ ನಡೆದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ‘ಸ್ಟಾಕ್’ ಎಂಬ ನಾಲ್ಕು ಕಾಲಿನ ಯಂತ್ರಕ್ಕೆ ನಡಿಗೆ ಕಲಿಸಿದ್ದಾರೆ. ಇವು ವೆಲ್ಸನ ದೈತ್ಯರಂತಲ್ಲ. ಗಾತ್ರದಲ್ಲಿ ಘಾಟಿಯ ಜಾತ್ರೆಗೆ ಬರುವ ಎಳೆಗರುವಿಗಿಂತ ದೊಡ್ಡವೇನೂ ಅಲ್ಲ.